"ನಾಟಕ ಅಲ್ಲೇನ್ರಿ?"

"ಇದೆಲ್ಲಾ ನಾಟಕ ಅಲ್ಲೇನ್ರಿ? ನಾಲ್ಕು ಮಂದಿ ನೋಡ್ಲಿ ಅಂತ ಮಾಡ್ಕೋತಾವ." ಹರೆಯದ ಮಕ್ಕಳು ಮೈಗೆ ತಾವೇ ಗಾಯ ಮಾಡಿಕೊಳ್ಳುವ ಮಾತು ಬಂದರೆ ಕಲಬುರಗಿಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಅಲ್ಲ. ಮಂದಿ ನೋಡಲಿ ಅನ್ನುವ ಹುಡುಗಿ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ತುಂಬುತೋಳು ತೊಟ್ಟು, ಮನೆಯೊಳಗೂ ಮಡಚದೆ ಯಾಕೆ ಕೂಡುತ್ತಾಳೆ? ಬಹಳಷ್ಟು ಮಕ್ಕಳು ಮುಚ್ಚಿಡುತ್ತಾರೆ. ಸಿಟ್ಟು, ಭಯ, ಅವಮಾನ ತಡೆಯಲಾರದಷ್ಟು ಏರಿರುತ್ತದೆ. ಕೆಲವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳುತ್ತಿರುತ್ತಾರೆ. ಸಿಕ್ಕ ಸಮಾಧಾನ ನಿಲ್ಲುವುದಿಲ್ಲ, ನಾಚಿಕೆ ಮಾತ್ರ ಉಳಿಯುತ್ತದೆ. ಇನ್ನು ನೋಡಲಿ ಎಂದೇ ಮಾಡಿಕೊಂಡಿದ್ದರೆ, ನೋಡಿ ಮತ್ತೆ! ಕರೆಯಲು ಆ ಮಗುವಿಗೆ ಬೇರೆ ದಾರಿ ಕಂಡಿಲ್ಲ.

"ಇವತ್ತು ರಾತ್ರಿ ನಾ ಏನ್ ಮಾಡ್ಲಿ?" ಎಂದು ಯಾರಾದರೂ ಕೇಳಬಾರದೇ?

ಮೊದಲು ಗಾಯ. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ನಿಂತ ಮೇಲೆ ಹರಿಯುವ ನೀರಲ್ಲಿ ತೊಳೆಯಿರಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ. ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ, ಮಾತ್ರೆಯೋ ವಿಷವೋ ಒಳಗೆ ಹೋಗಿರುವ ಸಂಶಯವಿದ್ದರೆ, ಮಗು ಆರಾಮಾಗಿ ಕಂಡರೂ 108ಕ್ಕೆ ಫೋನ್ ಮಾಡಿ.

ಆಮೇಲೆ ಮಾತು. ಇಲ್ಲಿ ಎಲ್ಲರೂ ಮಾಡುವುದು ಒಂದೇ: "ಶರಣಬಸಪ್ಪನ ಆಣೆ ಮಾಡು, ಇನ್ನೊಮ್ಮೆ ಮಾಡಂಗಿಲ್ಲಂತ." ಬೇಡ. ಆಣೆ ಮುರಿದ ದಿನ ಆ ಮಗು ನಿಮ್ಮ ಹತ್ತಿರ ಬರುವುದಿಲ್ಲ, ದೇವರಿಗೂ ಸುಳ್ಳಾದೆ ಎಂಬ ಭಾರವನ್ನೂ ಹೊತ್ತು ಇನ್ನಷ್ಟು ಮುಚ್ಚಿಡುತ್ತದೆ. ತೋಳು ಎಳೆದು ತಪಾಸಣೆ ಮಾಡಬೇಡಿ, ಬೀಗರ ಮುಂದೆ ಹೇಳಬೇಡಿ. "ಭಾಳ ತ್ರಾಸ ಆಗ್ಯಾದ ಅಂತ ಕಾಣ್ತದ. ಹೇಳು, ನಾ ಬೈಯಂಗಿಲ್ಲ" ಅನ್ನಿ. ಅಂದ ಮೇಲೆ ಬೈಯಬೇಡಿ. ಗಾಯ ಮಾಡಿಕೊಳ್ಳಬೇಕೆಂಬ ತುಡಿತ ಏರಿದಂತೆ ಇಳಿಯುತ್ತದೆ ಕೂಡ. ಆ ಹೊತ್ತು ದಾಟಲು ಪಕ್ಕದಲ್ಲಿ ಒಬ್ಬರಿರಬೇಕು.

ಸಾಯಬೇಕು ಅನಿಸುತ್ತದೇನು ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೇ ಆ ವಿಚಾರ ಹುಟ್ಟುವುದಿಲ್ಲ. ಗಾಯ ಮಾಡಿಕೊಳ್ಳುವವರೆಲ್ಲ ಸಾಯಲು ಹೊರಟವರಲ್ಲ, ಆದರೆ ಅವರಿಗೆ ಆ ಅಪಾಯ ಹೆಚ್ಚು. ಹೌದು ಅಂದರೆ ಒಂಟಿ ಬಿಡಬೇಡಿ. ತೊಗರಿಗೆ ಹೊಡೆಯುವ ಔಷಧ, ಮನೆಯಲ್ಲಿರುವ ಮಾತ್ರೆ, ಎಲ್ಲ ಇವತ್ತೇ ಬೀಗದೊಳಗೆ ಹೋಗಲಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ದಿನದ 24 ಗಂಟೆಯೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ, ತಂದೆತಾಯಿಯೂ ಕರೆ ಮಾಡಬಹುದು. ಬೆಳಗಾದ ಮೇಲೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಪೊಲೀಸ್ ಕೇಸ್ ಆಗ್ತದಂತ ಹೆದರಿ ಆಸ್ಪತ್ರೆ ತಪ್ಪಿಸಬೇಡಿ: ಸಾಯಲು ಯತ್ನಿಸಿದವರನ್ನೂ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಅದಕ್ಕಾಗಿ ಶಿಕ್ಷಿಸಬಾರದು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ.