ಫೀಸು ಸೇನೆಯದು, ಎಂಟು ವರ್ಷ ಅವಳದು

ಇಲ್ಲಿನ ಕನ್ನಡ ಕೂಟದ ಗೆಳೆಯರೊಬ್ಬರ ಮಗಳು ಅಮೆರಿಕದ ಆರ್ಮಿ ಆರ್‌ಒಟಿಸಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾಳೆ. ಕಾಲೇಜು ಓದುತ್ತಲೇ ಸೇನಾಧಿಕಾರಿಯಾಗೋ ತರಬೇತಿ ಅದು. ಇಲ್ಲೇ ಹುಟ್ಟಿದವಳು, ಪೌರತ್ವದ ತಕರಾರಿಲ್ಲ (ಬರೀ ಗ್ರೀನ್ ಕಾರ್ಡ್ ಇದ್ದರೆ ಸಾಲದು). ದಾವಣಗೆರೆಯಿಂದ ಅಜ್ಜಿ ಮಾತ್ರ ವಿಡಿಯೋ ಕಾಲ್‌ನಲ್ಲಿ, "ಓದೋಕೆ ಕಳಿಸ್ತೀರೋ, ಯುದ್ಧಕ್ಕೋ?" ಅಂದರಂತೆ.

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ. ಸೇನೆ ಟ್ಯೂಷನ್ ಪೂರ್ತಿ ಕಟ್ಟುತ್ತೆ, ಇಲ್ಲವೇ ಅದರ ಬದಲು ಊಟ-ವಸತಿಯ ಖರ್ಚು ಕೊಡುತ್ತೆ. ಪುಸ್ತಕಕ್ಕೆ ವರ್ಷಕ್ಕೆ 1,200 ಡಾಲರ್, ಕೈಖರ್ಚಿಗೆ ಕಾಲೇಜು ನಡೆಯೋ ತಿಂಗಳುಗಳಲ್ಲಿ ತಿಂಗಳಿಗೆ 420. ಡಿಗ್ರಿ ಮುಗಿದ ಕೂಡಲೇ ಸೆಕೆಂಡ್ ಲೆಫ್ಟಿನೆಂಟ್. ಆದರೆ ಕರಾರು ಒಟ್ಟು 8 ವರ್ಷದ್ದು. ಸಾಮಾನ್ಯವಾಗಿ 4 ವರ್ಷ ಪೂರ್ಣಾವಧಿ ಸೇವೆ, ಮಿಕ್ಕಿದ್ದು ಬೇಕಾದಾಗ ಕರೆಸಿಕೊಳ್ಳೋ ಮೀಸಲು ಪಡೆ, ಅಂದರೆ ರಿಸರ್ವ್‌ನಲ್ಲಿ. ನಾಲ್ಕು ವರ್ಷದ ಸ್ಕಾಲರ್‌ಶಿಪ್ ಸಿಕ್ಕವರು ಮೊದಲ ವರ್ಷ ನೋಡಿ, ಬೇಡವೆನಿಸಿದರೆ ಬಿಡಬಹುದು. ಎರಡನೇ ವರ್ಷಕ್ಕೆ ಕಾಲಿಟ್ಟ ಮೇಲೆ ಬಿಟ್ಟರೆ ಸೇನೆ ದುಡ್ಡು ವಾಪಸ್ ಕೇಳಬಹುದು.

ಎಜುಕೇಶನ್ ಲೋನೂ ವರ್ಷಗಟ್ಟಲೆ ಕುತ್ತಿಗೆ ಹಿಡಿಯುತ್ತೆ ನಿಜ, ಆದರೆ ಬ್ಯಾಂಕಿನವರು ಯಾರನ್ನೂ ಯುದ್ಧಭೂಮಿಗೆ ಕಳಿಸಲ್ಲ. ಹದಿನೇಳು ವರ್ಷದ ಹುಡುಗಿಗೆ ಈ ಲೆಕ್ಕ ಹೇಗೆ ವಿವರಿಸೋದು? ಅವಳು ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾಳೆ ಅನ್ನೋದು ಬೇರೆ ಮಾತು. ನರ್ಸಿಂಗ್ ಓದಿ ಸೇನೆಯ ಆಸ್ಪತ್ರೆ ಸೇರ್ತಾಳಂತೆ. ಫಿಟ್‌ನೆಸ್ ಟೆಸ್ಟ್ ಇದೆಯಲ್ಲ, ಸದ್ಯಕ್ಕೆ ಪುಷ್‌ಅಪ್ ಎಣಿಸೋ ಡ್ಯೂಟಿ ಅಪ್ಪನಿಗೆ.