ಗುಡ್ಡದ ಬುಡಕ್ಕೆ ನೀರು

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗುಡ್ಡ ಬಿಡಿಸುವುದು ಸುಲಭ. ಅದು ಪೈಥಾನ್ ಭಾಷೆಯಲ್ಲಿ ಗ್ರಾಫ್, ಚಿತ್ರ ಬಿಡಿಸುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಗಂಟು. ಎತ್ತರಗಳ ಪಟ್ಟಿ ಕೊಟ್ಟು ಪ್ಲಾಟ್ ಸರ್ಫೇಸ್ ಅಂತ ಕರೆದರೆ ಮುಗಿಯಿತು. ಆ ಗುಡ್ಡದ ಬುಡಕ್ಕೆ ನೀರು ಬಿಡಬೇಕು ಅಂದಾಗ ತೊಂದರೆ ಶುರುವಾಗುತ್ತದೆ.

ನನಗೆ ಬೇಕಿದ್ದದ್ದು ಶರಾವತಿ ಹಿನ್ನೀರು. ನಮ್ಮದು ಸಾಗರದ ಕಡೆ. ಅಜ್ಜಿಯ ತವರು ಲಿಂಗನಮಕ್ಕಿಯ ಮುಳುಗಡೆಯಲ್ಲಿ ಹೋಗಿದೆ. ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಅಂದರೆ ಸುಮಾರು 554 ಮೀಟರ್. ನೀರು ಒಂದೊಂದೇ ಮೀಟರ್ ಏರಿದಾಗ ಯಾವ ಗುಡ್ಡ ದ್ವೀಪವಾಯಿತು, ಯಾವ ದಾರಿ ಮುಚ್ಚಿತು ಅಂತ ಮೂರು ಆಯಾಮದಲ್ಲಿ ನೋಡಬೇಕು ಅನ್ನುವುದು ಬಹಳ ದಿನದ ಆಸೆ.

ಗುಡ್ಡ ಬಂತು. ನೀರನ್ನು ನೀಲಿ ಹಾಳೆಯಾಗಿ 554ಕ್ಕೆ ಇಟ್ಟೆ. ಗುಡ್ಡಗಳೆಲ್ಲ ಆ ಹಾಳೆಯ ಕೆಳಗೆ ಮಾಯ. ಚಿತ್ರವನ್ನು ಸ್ವಲ್ಪ ತಿರುಗಿಸಿದರೆ ಹಾಳೆ ಮಾಯ, ಬರೀ ಗುಡ್ಡ. ಎರಡೂ ಒಟ್ಟಿಗೆ ಸರಿಯಾಗಿ ಕಾಣಲೇ ಇಲ್ಲ.

ಕಾರಣ ಇಷ್ಟೇ. ಮ್ಯಾಟ್‌ಪ್ಲಾಟ್‌ಲಿಬ್ ಹುಟ್ಟಿದ್ದು ಎರಡು ಆಯಾಮಕ್ಕೆ. ಅದರ ಮೂರು ಆಯಾಮದ ಭಾಗ ಒಂದು ಮೇಲ್ಮೈಯನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಮಾಡಿ, ದೂರದ್ದನ್ನು ಮೊದಲು, ಹತ್ತಿರದ್ದನ್ನು ಆಮೇಲೆ ಬಣ್ಣ ಬಳಿಯುತ್ತದೆ. ಒಂದೇ ಮೇಲ್ಮೈಯೊಳಗೆ ಇದು ಚೆನ್ನಾಗಿ ನಡೆಯುತ್ತದೆ. ಎರಡು ಮೇಲ್ಮೈ ಇದ್ದರೆ ಒಂದನ್ನು ಪೂರ್ತಿ ಬಳಿದು, ಅದರ ಮೇಲೆ ಇನ್ನೊಂದನ್ನು ಪೂರ್ತಿ ಬಳಿಯುತ್ತದೆ. ಒಂದರೊಳಗೆ ಒಂದು ತೂರಿಕೊಂಡಿರುವುದು ಅದಕ್ಕೆ ತಿಳಿಯುವುದಿಲ್ಲ. ಅದರ ಕೈಪಿಡಿಯೂ ಇದನ್ನು ಮುಚ್ಚಿಡದೆ ಹೇಳಿ, ಇಂಥ ಕೆಲಸಕ್ಕೆ ಮಯಾವಿ ಅನ್ನುವ ಮೂರು ಆಯಾಮದ ಲೈಬ್ರರಿ ನೋಡಿ ಎನ್ನುತ್ತದೆ. ಆದರೆ ನನ್ನ ಉಳಿದ ನಕ್ಷೆ, ಗ್ರಾಫ್ ಎಲ್ಲ ಇಲ್ಲೇ ಇದ್ದವು. ಇಲ್ಲೇ ಆಗಬೇಕಿತ್ತು.

ಮ್ಯಾಟ್‌ಪ್ಲಾಟ್‌ಲಿಬ್ ಮೇಲೆ ಕಟ್ಟಿದ, ಭೂಮಿಯ ಏರುತಗ್ಗು ಬಿಡಿಸುವ ಒಂದು ಪುಟ್ಟ ಓಪನ್ ಸೋರ್ಸ್ ಲೈಬ್ರರಿ ಇತ್ತು. ಅಲ್ಲಿ ಇದೇ ತೊಂದರೆಯನ್ನು ಇನ್ನೊಬ್ಬರು ಆಗಲೇ ಬರೆದಿದ್ದರು. ಅವರು ನಾರ್ವೆಯವರು. ಅವರ ಗುಡ್ಡ ಫ್ಯೋರ್ಡ್, ಅಂದರೆ ಕಡಿದಾದ ಗುಡ್ಡಗಳ ನಡುವೆ ಒಳನುಗ್ಗಿದ ಸಮುದ್ರದ ತೋಳಿನ ದಂಡೆಯದು, ನೀರು ಸಮುದ್ರದ್ದು, ಮಟ್ಟ ಸೊನ್ನೆ. ಉಳಿದಂತೆ ನನ್ನ ಚಿತ್ರಕ್ಕೂ ಅವರ ಚಿತ್ರಕ್ಕೂ ವ್ಯತ್ಯಾಸವೇ ಇರಲಿಲ್ಲ. ಸೇರಿ ಮಾಡೋಣ ಅಂತಾಯಿತು. ಗುಡ್ಡ ಕತ್ತರಿಸುವ ಕೆಲಸ ನನಗೆ, ನೀರಿನದು ಅವರಿಗೆ.

ಕತ್ತರಿಸುವುದೇ ಇಡೀ ಕೆಲಸದ ಜೀವಾಳ. ನಾಲ್ಕು ಮೂಲೆಯ ತುಂಡನ್ನು ಮೊದಲು ಎರಡು ತ್ರಿಕೋನ ಮಾಡಬೇಕು. ಯಾಕೆಂದರೆ ನಾಲ್ಕು ಮೂಲೆಯಲ್ಲಿ ಎದುರುಬದುರಿನ ಎರಡು ನೀರಿನ ಮೇಲೆ, ಉಳಿದೆರಡು ಕೆಳಗೆ ಇದ್ದರೆ ದಂಡೆ ಯಾವ ಕಡೆ ಹೋಗಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ತ್ರಿಕೋನದಲ್ಲಿ ಆ ಗೊಂದಲ ಇಲ್ಲ. ಒಂದು ಮೂಲೆ 560 ಮೀಟರ್, ಇನ್ನೊಂದು 550 ಅಂತಿಟ್ಟುಕೊಳ್ಳಿ. ಮೇಲಿನಿಂದ ಹತ್ತರಲ್ಲಿ ಆರು ಪಾಲು ಇಳಿದರೆ 554, ಅಲ್ಲೇ ನೀರು. ಆ ಅಂಚಿನಲ್ಲಿ ಒಂದು ಗುರುತು, ಇನ್ನೊಂದು ಅಂಚಿನಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ದಂಡೆಯ ಒಂದು ತುಣುಕು. ಮುಳುಗಿದ ಭಾಗ ಬಿಸಾಡಿ, ಮೇಲಿನದನ್ನು ಇಟ್ಟುಕೊಂಡರಾಯಿತು.

ನೀರಿನ ಹಾಳೆಯನ್ನೂ ಅಷ್ಟೇ ಚಿಕ್ಕ ತುಂಡು ಮಾಡಬೇಕು ಅನ್ನುವುದು ಅವರ ಯೋಚನೆ. ಒಂದೇ ದೊಡ್ಡ ಹಾಳೆಗೆ ಸರಾಸರಿ ದೂರ ಅಂತ ಲೆಕ್ಕ ಹಾಕಿದರೆ ಅದಕ್ಕೆ ಅರ್ಥವೇ ಇಲ್ಲ, ಅಲ್ವಾ? ಆಮೇಲೆ ನೆಲ, ನೀರು ಎರಡರ ತುಂಡುಗಳನ್ನೂ ಒಂದೇ ರಾಶಿಗೆ ಸುರಿದು, ದೂರದ ಪ್ರಕಾರ ಒಟ್ಟಿಗೆ ವಿಂಗಡಿಸಿದೆವು. ಒಂದು ಸಂಜೆ ಓಡಿಸಿ ನೋಡಿದರೆ ದಂಡೆ ಬಂದಿತ್ತು! ಒಳಚಾಚು, ಕವಲು, ನಡುವೆ ದ್ವೀಪಗಳು. ಯಾವ ಕಡೆಗೆ ತಿರುಗಿಸಿದರೂ ನೀರು ನೀರಿನ ಜಾಗದಲ್ಲೇ. ಅವರಿಗೆ ಚಿತ್ರ ಕಳಿಸಿದೆ, ಅವರೂ ತಮ್ಮ ಫ್ಯೋರ್ಡ್ ಕಳಿಸಿದರು.

ಜಗಳವಾಡಿದ್ದು ಒಂದೇ ವಿಷಯಕ್ಕೆ, ಎತ್ತರವನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವುದಕ್ಕೆ. ಮ್ಯಾಟ್‌ಪ್ಲಾಟ್‌ಲಿಬ್‌ನ 2020ರ 3.3 ಆವೃತ್ತಿಯಿಂದ ಚಿತ್ರದ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ನಾವೇ ಹೇಳಬಹುದು. ಅವರ ದಂಡೆಗಳು ನೀರಿನಿಂದ ನೆಟ್ಟಗೆ ಏಳುತ್ತವೆ, ಇದ್ದ ಅಳತೆಯಲ್ಲೇ ಚೆಂದ. ನಮ್ಮ ಮಲೆನಾಡಿನ ಗುಡ್ಡಗಳನ್ನು ಇಪ್ಪತ್ತು ಕಿಲೋಮೀಟರ್ ಅಗಲಕ್ಕೆ ಹಾಕಿದರೆ ರೊಟ್ಟಿಯ ಹಾಗೆ ಚಪ್ಪಟೆ. ಕೊನೆಗೆ ಹಿಗ್ಗಿಸದೆ ಬಿಡಿಸುವುದೇ ಮೂಲ ನಿಯಮ, ಹಿಗ್ಗಿಸಿದರೆ ಎಷ್ಟು ಪಟ್ಟು ಅನ್ನುವುದು ಚಿತ್ರದ ಮೇಲೇ ಬರಬೇಕು ಅಂತ ಮಾಡಿದೆವು. ಈಗ ನನಗೂ ಇದೇ ಸರಿ ಅನಿಸುತ್ತದೆ. ನೋಡುವವರಿಗೆ ಗುಡ್ಡದ ನಿಜವಾದ ಎತ್ತರ ತಿಳಿಯಬೇಕು.

ಕೋಡ್ ಸರಿಯಾಗಿ ನಡೆಯುತ್ತಿದೆಯೇ ಅಂತ ತಾನೇ ನೋಡುವ ಟೆಸ್ಟ್ ಬರೆಯುವಾಗ ಚಿತ್ರಕ್ಕೆ ಚಿತ್ರ ಹೋಲಿಸುವುದನ್ನು ಕಡಿಮೆ ಮಾಡಿದೆವು. ಫಾಂಟ್ ಬಿಡಿಸುವ ಲೈಬ್ರರಿಯ ಆವೃತ್ತಿ ಬೇರೆಯಾದರೂ ಸಾಕು, ಅಕ್ಷರಗಳ ಅಂಚು ಬದಲಾಗಿ ಟೆಸ್ಟ್ ಬೀಳುತ್ತದೆ. ಅದರ ಬದಲು ನಾಲ್ಕಾರು ತುಂಡಿನ ಒಂದು ಗುಂಡಿ ಮಾಡಿ, ದಂಡೆಯ ಬಿಂದುಗಳು ಎಲ್ಲಿ ಬರಬೇಕು ಅಂತ ಕೈಯಲ್ಲೇ ಲೆಕ್ಕ ಹಾಕಿಟ್ಟೆವು. ಅಕ್ಷರದ ಮಾತು ಬಂತಲ್ಲ, ಕನ್ನಡದಲ್ಲಿ ಹೆಸರು ಹಾಕಲು ಹೋದಾಗ ನಾನು ಬಳಸುತ್ತಿದ್ದ ಆವೃತ್ತಿ ಲಿಂಗನಮಕ್ಕಿಯ ಒತ್ತನ್ನು ಬಿಡಿಸಿ ಪಕ್ಕಕ್ಕೆ ಎಸೆದಿತ್ತು. ಅದು ನಿಜಕ್ಕೂ ಬೇಸರದ ವಿಷಯ.

ಕೋಡ್ ಮರ್ಜ್ ಆಯಿತು, ಅಂದರೆ ಆ ಲೈಬ್ರರಿಯೊಳಗೆ ಸೇರಿತು. ಆದರೆ ಅಜ್ಜಿಯ ತವರು ಆ ಚಿತ್ರದಲ್ಲಿ ಇಲ್ಲ. ನಾನು ಬಳಸಿದ ಎತ್ತರಗಳು 2000ನೇ ಇಸವಿ ಫೆಬ್ರವರಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ಎಂಡೆವರ್ ರೇಡಾರ್‌ನಿಂದ ಅಳೆದವು. ರೇಡಾರ್ ನೀರಿನ ಮೇಲಿಂದಲೇ ವಾಪಸು ಬರುತ್ತದೆ. ಹಾಗಾಗಿ ಅಂದು ನೀರಿದ್ದ ಕಡೆಯೆಲ್ಲ ಬರೀ ಚಪ್ಪಟೆ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟಿನ ಸುತ್ತಲ ಕಣಿವೆ ಬೇಕಿದ್ದರೆ ಲಿಂಗನಮಕ್ಕಿಗಿಂತ ಮುಂಚಿನ ಸರ್ವೇ ನಕ್ಷೆಯ ಎತ್ತರದ ಗೆರೆಗಳೇ ಗತಿ. ಸಾಗರ, ಹೊಸನಗರದ ಕಡೆಯವರ ಮನೆಯಲ್ಲಿ ಅಂಥ ನಕ್ಷೆ ಉಳಿದಿದ್ದರೆ ಸ್ಕ್ಯಾನ್ ಮಾಡಿ ಕೊಡಿ. ಗೆರೆಗಳನ್ನು ಎತ್ತರದ ಪಟ್ಟಿ ಮಾಡುವ ಕೋಡ್ ಬರೆಯಲು ಶುರು ಮಾಡಿದ್ದೇನೆ.