ಬೆರಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ

ಹಳೇ ಸಾಫ್ಟ್‌ವೇರುಗಳನ್ನು ಹೊಸದಾಗಿ ಬರೆದುಕೊಡುವುದು ನನ್ನ ಕೆಲಸ. ಯಾವತ್ತೋ ಯಾರೋ ಬರೆದಿಟ್ಟು ಹೋದ ಪ್ರೋಗ್ರಾಮು. ಬರೆದವರು ಈಗ ಇಲ್ಲ, ಮುಟ್ಟುವುದಕ್ಕೆ ಎಲ್ಲರಿಗೂ ಭಯ, ಆದರೆ ಅದಿಲ್ಲದೆ ಆಫೀಸು ಒಂದು ದಿನವೂ ನಡೆಯುವುದಿಲ್ಲ. ಅಂಥದ್ದು ನನ್ನ ಮೇಜಿಗೆ ಬರುತ್ತದೆ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಬಂದದ್ದು ಯಾವ ಟ್ರೇನಿಂಗಿನಿಂದಲೂ ಅಲ್ಲ. ಅಭಿಮಾನಿಗಳು ಹಣ ಕೇಳದೆ ಹೊಸದಾಗಿ ಬರೆದು ಹಂಚಿದ ಹಳೇ ವಿಡಿಯೋ ಗೇಮುಗಳಿಂದ ಬಂತು.

ಎರಡು ವರ್ಷದ ಹಿಂದಿನ ಮಾತು. ಒಂದು ಸಂಸ್ಥೆಯ ದಾಸ್ತಾನು ವಿಭಾಗದ ಎಂಟ್ರಿ ಪ್ರೋಗ್ರಾಮನ್ನು ಬದಲಿಸಬೇಕಿತ್ತು. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಎನ್ನುವುದೇ ಇಲ್ಲದ ಕಾಲದ್ದು. ಏಳು ತಿಂಗಳು ಕೂತು ಹೊಸದು ಬರೆದೆವು. ಡೆಮೊ ದಿನ ಮೇಲಿನವರೆಲ್ಲ ಮೆಚ್ಚಿದರು. ಬಳಕೆಗೆ ಬಿಟ್ಟ ಮೊದಲ ಸೋಮವಾರ ಸಂಜೆ ನೋಡಿದರೆ ದಿನದ ಎಂಟ್ರಿ ಅರ್ಧಕ್ಕೆ ಇಳಿದಿತ್ತು. ಹೊಸತನದ ಗೊಂದಲ, ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಎರಡನೇ ವಾರವೂ ಅಷ್ಟೇ.

ಆಗ ಹೋಗಿ ಅಲ್ಲಿನ ಹಿರಿಯ ಮೇಡಂ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದವರು. ಹಳೇ ಪ್ರೋಗ್ರಾಮಿನಲ್ಲಿ ಹೇಗೆ ಮಾಡುತ್ತಿದ್ದಿರಿ, ಒಂದು ಸಲ ತೋರಿಸಿ ಮೇಡಂ ಅಂದೆ. ಅವರ ಎಡಗೈ ಕಾಗದದ ಕಟ್ಟಿನ ಮೇಲೆ, ಬಲಗೈ ನಂಬರ್ ಪ್ಯಾಡಿನ ಮೇಲೆ, ಕಣ್ಣು ಕಾಗದದಲ್ಲಿ. ಪರದೆಯನ್ನು ಅವರು ನೋಡಲೇ ಇಲ್ಲ. ಅಂಕಿ, ಎಂಟರ್, ಎಂಟರ್, ಅಂಕಿ, ಎಂಟರ್. ಖಾಲಿ ಜಾಗದಲ್ಲಿ ಬರಿ ಎಂಟರ್ ಒತ್ತಿದರೆ ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೆ ಬಂದು ಕೂರುತ್ತಿತ್ತು. ಒಂದೇ ಸರಬರಾಜುದಾರರ ಮೂವತ್ತು ಬಿಲ್ಲು ಇದ್ದರೆ ಅವರ ಕೋಡನ್ನು ಒಂದೇ ಸಲ ಹೊಡೆದರೆ ಸಾಕು.

ನೋಡಿ ಎದೆ ಧಸಕ್ಕೆಂದಿತು. ಆ ಎಂಟರ್ ವಿಷಯ ನನಗೆ ಮೊದಲೇ ಗೊತ್ತಿತ್ತು. ಹಳೇ ಪ್ರೋಗ್ರಾಮಿನ ಕೋಡಿನಲ್ಲಿ ಒಂದು ವೇರಿಯಬಲ್ಲನ್ನು, ಅಂದರೆ ಹೊಡೆದದ್ದನ್ನು ಹಿಡಿದಿಟ್ಟುಕೊಳ್ಳುವ ಜಾಗವನ್ನು, ಪ್ರತಿ ಸಾಲಿಗೂ ಖಾಲಿ ಮಾಡುವುದನ್ನು ಬರೆದವರು ಮರೆತಿದ್ದರು. ಹಾಗಾಗಿ ಹಿಂದಿನ ಸಾಲಿನದ್ದು ಅಲ್ಲೇ ಉಳಿಯುತ್ತಿತ್ತು. ಅದು ಬಗ್ ಎಂದು ನಾನು ತೆಗೆದುಹಾಕಿದ್ದೆ. ಸರಿಪಡಿಸಿದ ದೋಷಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿ ರಿಪೋರ್ಟ್ ಕೊಟ್ಟಿದ್ದೆ.

"ನೀವು ಚೆನ್ನಾಗೇ ಮಾಡಿದ್ದೀರಿ ಸರ್," ಅಂದರು ಮೇಡಂ. "ಆದ್ರೆ ಇದ್ರಲ್ಲಿ ನನ್ನ ಕೈ ಓಡ್ತಾ ಇಲ್ಲ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸು ಬೇರೆ ಕಡೆ ತಿರುಗಲಿ ಎಂದು ಲ್ಯಾಪ್‌ಟಾಪ್ ತೆಗೆದು, ಚಿಕ್ಕವನಿದ್ದಾಗ ಆಡುತ್ತಿದ್ದ ಪ್ರಿನ್ಸ್ ಆಫ್ ಪರ್ಷಿಯಾ ಈಗಲೂ ಸಿಗುತ್ತದಾ ಎಂದು ಹುಡುಕಿದೆ. ಸಿಕ್ಕಿದ್ದು ಎಸ್‌ಡಿಎಲ್‌ಪಾಪ್ ಎಂಬ ಹೆಸರಿನ ಪುಟ್ಟ ಪ್ರೋಗ್ರಾಮು. ಹಳೇ ಡಾಸ್ ಕಂಪ್ಯೂಟರುಗಳ ಆವೃತ್ತಿಯ ಯಂತ್ರಭಾಷೆಯನ್ನು ಅಭಿಮಾನಿಗಳು ಎಳೆ ಎಳೆಯಾಗಿ ಬಿಡಿಸಿ ಸಿ ಭಾಷೆಯಲ್ಲಿ ಮತ್ತೆ ಬರೆದಿದ್ದರು. ಹಣ ಕೊಡಬೇಕಿರಲಿಲ್ಲ, ಕೋಡೂ ಬಯಲಾಗಿಯೇ ಇತ್ತು.

ಆಟ ಶುರುವಾಯಿತು. ರಾಜಕುಮಾರ ನೆಲಮಾಳಿಗೆಗೆ ಬಂದು ಬಿದ್ದ, ಹಿಂದೆ ಬಾಗಿಲು ಮುಚ್ಚಿಕೊಂಡಿತು. ಇಪ್ಪತ್ತೈದು ವರ್ಷ ಮುಟ್ಟಿರಲಿಲ್ಲ ಅದನ್ನು. ಆದರೂ ನನ್ನ ಕಿರುಬೆರಳು ತಾನಾಗಿಯೇ ಶಿಫ್ಟ್ ಕೀ ಮೇಲೆ ಹೋಗಿ ಕೂತಿತು. ಅಂಚಿನ ಹತ್ತಿರ ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಡಬೇಕು. ಅಂಚಿನಿಂದ ಜಾರಿದರೆ ಅದೇ ಶಿಫ್ಟ್ ಹಿಡಿದು ನೇತಾಡಬೇಕು. ಕತ್ತಿ ಸಿಗುವ ಮುಂಚೆ ಕಾವಲುಗಾರನ ಎದುರು ಹೋಗಬಾರದು, ಒಂದೇ ಏಟಿಗೆ ಸಾವು. ಇದ್ಯಾವುದನ್ನೂ ಬಾಯಲ್ಲಿ ಹೇಳು ಅಂದಿದ್ದರೆ ನನ್ನಿಂದ ಆಗುತ್ತಿರಲಿಲ್ಲ. ಕೈ ಮಾತ್ರ ಒಂದನ್ನೂ ಬಿಡದೆ ಮಾಡುತ್ತಿತ್ತು.

ಆ ಆಟದ ಓಟದಲ್ಲಿ ಒಂದು ವಿಶೇಷವಿದೆ. ಓಡುತ್ತಿರುವಾಗ ಹಾರುವ ಕೀ ಒತ್ತಿದ ತಕ್ಷಣ ಅವನು ಹಾರುವುದಿಲ್ಲ. ಎತ್ತಿದ ಹೆಜ್ಜೆಯನ್ನು ಮುಗಿಸಿ ಆಮೇಲೆ ಹಾರುತ್ತಾನೆ. ಹಾಗಾಗಿ ಹಳ್ಳ ಬರುವುದಕ್ಕಿಂತ ಸ್ವಲ್ಪ ಮುಂಚೆಯೇ ಒತ್ತಬೇಕು. ಇದಕ್ಕೆ ಕಾರಣ ಅದನ್ನು ಮಾಡಿದ ರೀತಿ. ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮ ಓಡುವುದು, ಹಾರುವುದು, ಹತ್ತುವುದನ್ನೆಲ್ಲ ವಿಡಿಯೋ ಮಾಡಿಕೊಂಡು, ಒಂದೊಂದು ಚಿತ್ರವನ್ನೂ ನೋಡಿ ಬಿಡಿಸಿದರು. ಆಟ ಹೊರಬಂದದ್ದು 1989ರಲ್ಲಿ. ನಿಜವಾದ ಮನುಷ್ಯನೊಬ್ಬನ ಮೈಭಾರ ಆ ಹೆಜ್ಜೆಯಲ್ಲಿದೆ. ಈಗಿನ ಕಾಲದ ಪ್ರೋಗ್ರಾಮರ್ ಕೈಗೆ ಕೊಟ್ಟಿದ್ದರೆ, ಕೀ ಒತ್ತಿದ ಮೇಲೆ ತಡವಾಗುತ್ತಿದೆ, ಸರಿಮಾಡೋಣ ಎನ್ನುತ್ತಿದ್ದ. ನಾನೇ ಹಾಗೆ ಮಾಡಿರುತ್ತಿದ್ದೆ. ಅಭಿಮಾನಿಗಳು ಅದನ್ನು ಮುಟ್ಟಿರಲಿಲ್ಲ.

ಇನ್ನೂ ಆಳವಾದ ಸಂಗತಿ ಕಂಡದ್ದು ಅದರ ಸೆಟ್ಟಿಂಗ್ಸ್ ಕಡತದಲ್ಲಿ. ಮೂಲ ಆಟದಲ್ಲಿ ನಿಜವಾದ ಬಗ್‌ಗಳೂ ಇದ್ದವು. ಕೆಲವು ಜಾಗದಲ್ಲಿ ಬರಿ ಗಾಳಿಯ ಮೇಲೆ ನಿಲ್ಲಬಹುದು. ಮುಚ್ಚಿದ ಬಾಗಿಲನ್ನು ದಾಟಿ ಕಾವಲುಗಾರ ಹಿಂದೆಯೇ ಬರಬಹುದು. ಕಾವಲುಗಾರನ ಮೇಲೆ ಬಿದ್ದರೆ ಎಷ್ಟೇ ಎತ್ತರದಿಂದ ಬಿದ್ದರೂ ನೋವಾಗದಿರಬಹುದು. ಇಂಥವನ್ನು ಅಭಿಮಾನಿಗಳು ಒಂದೊಂದಾಗಿ ಹುಡುಕಿ, ಪ್ರತಿಯೊಂದಕ್ಕೂ ಒಂದು ಹೆಸರು ಕೊಟ್ಟು, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇಟ್ಟಿದ್ದಾರೆ. ಸರಿಪಡಿಸಿದ್ದು ಬೇಕಾದರೆ ಹಾಕಿಕೊಳ್ಳಿ, ಬೇಡವಾದರೆ ಹಳೆಯದು ಹಳೆಯ ಹಾಗೇ ನಡೆಯುತ್ತದೆ. ಹೇಳದೆ ಕೇಳದೆ ಏನನ್ನೂ ತೆಗೆದುಹಾಕಿಲ್ಲ.

ಯಾವ ಸಂಬಳವೂ ಇಲ್ಲದೆ ರಾತ್ರಿ ಕೂತು ಬರೆದವರು ಆಟಗಾರರ ಕೈಗೆ ಇಷ್ಟು ಮರ್ಯಾದೆ ಕೊಟ್ಟಿದ್ದಾರೆ. ಸಂಬಳ ತೆಗೆದುಕೊಂಡ ನಾನು ಮೇಡಂ ಕೈಯನ್ನು ಒಂದು ಸಲ ಹೋಗಿ ನೋಡಿರಲಿಲ್ಲ. ಅದು ಚುಚ್ಚಿತು.

ಅದೇ ಆಟದಲ್ಲಿ ಮರುಪ್ರದರ್ಶನದ ಸೌಲಭ್ಯವೂ ಇದೆ. ಆಟದ ಚಲನೆಯನ್ನು ವಿಡಿಯೋ ತರಹ ಹಿಡಿಯುವುದಿಲ್ಲ ಅದು. ಯಾವ ಗಳಿಗೆಯಲ್ಲಿ ಯಾವ ಕೀ ಒತ್ತಿದೆವು ಎನ್ನುವುದನ್ನಷ್ಟೇ ಬರೆದಿಟ್ಟುಕೊಂಡು, ಅದನ್ನೇ ಮತ್ತೆ ಆಟಕ್ಕೆ ಉಣಿಸುತ್ತದೆ. ಪ್ರೋಗ್ರಾಮಿನ ನಡತೆ ಕೂದಲೆಳೆಯಷ್ಟು ಬದಲಾದರೂ ರಾಜಕುಮಾರ ಹಳ್ಳಕ್ಕೆ ಬೀಳುತ್ತಾನೆ. ಇದಕ್ಕಿಂತ ಕಟ್ಟುನಿಟ್ಟಾದ ಟೆಸ್ಟಿಂಗ್ ನಾನು ನೋಡಿಲ್ಲ.

ಮಾರನೇ ವಾರ ನಾವು ಅದನ್ನೇ ಮಾಡಿದೆವು. ಮೇಲಿನವರ ಒಪ್ಪಿಗೆ ಮತ್ತು ಮೇಡಂ ಒಪ್ಪಿಗೆ ಎರಡನ್ನೂ ಪಡೆದು, ಹಳೇ ಪ್ರೋಗ್ರಾಮಿನಲ್ಲಿ ಅವರು ಒಂದು ಇಡೀ ದಿನ ಒತ್ತಿದ ಕೀಗಳನ್ನು ಹಿಡಿದಿಟ್ಟೆವು. ಅವನ್ನೇ ಹೊಸ ಪ್ರೋಗ್ರಾಮಿಗೆ ಕೊಟ್ಟು, ಕೊನೆಗೆ ಎರಡರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. 41 ಕಡೆ ವ್ಯತ್ಯಾಸ! ಏಳು ತಿಂಗಳ ಟೆಸ್ಟಿಂಗ್‌ನಲ್ಲಿ ನಮ್ಮ ತಂಡದ ಕಣ್ಣಿಗೆ ಬಿದ್ದದ್ದು ಅದರಲ್ಲಿ ಆರು. ತಾರೀಕಿನ ಜಾಗದಲ್ಲಿ ಎರಡೇ ಅಂಕಿ ಹೊಡೆದರೆ ಹಳೆಯದು ಅದೇ ತಿಂಗಳು ಎಂದು ತಿಳಿದುಕೊಳ್ಳುತ್ತಿತ್ತು, ನಮ್ಮದು ಕೆಂಪು ಗೆರೆ ತೋರಿಸಿ ನಿಲ್ಲುತ್ತಿತ್ತು. ಸಾಲು ಸೇವ್ ಆದಾಗ ಹಳೆಯದು ಟಿಕ್ ಎಂದು ಸಣ್ಣ ಸದ್ದು ಮಾಡುತ್ತಿತ್ತು. ಪರದೆ ನೋಡದೆ ಕೆಲಸ ಮಾಡುವವರಿಗೆ ಆ ಸದ್ದೇ ಕಣ್ಣು. ಅದು ಕಿರಿಕಿರಿ ಎಂದು ನಾವು ತೆಗೆದಿದ್ದೆವು.

ಅಲ್ಲಿಂದ ಮುಂದೆ ಇಂಥ ಆಟಗಳ ಹಿಂದೆಯೇ ಬಿದ್ದೆ. ಓಪನ್‌ಟಿಟಿಡಿ ಹತ್ತಿರ ನಿಂತು ಕಲಿತದ್ದು ಬಹಳ. ಕ್ರಿಸ್ ಸಾಯರ್ ಬಹುತೇಕ ಯಂತ್ರಭಾಷೆಗೆ ತೀರಾ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಬರೆದ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್ ಬಂದದ್ದು 1995ರಲ್ಲಿ. ರೈಲು, ಬಸ್ಸು, ಹಡಗು ಓಡಿಸಿ ಸಾರಿಗೆ ಕಂಪನಿ ಕಟ್ಟುವ ಆಟ. 2004ರಲ್ಲಿ ಅದರ ಅಭಿಮಾನಿ ಆವೃತ್ತಿಯಾದ ಓಪನ್‌ಟಿಟಿಡಿ ಹೊರಬಂತು. ಮೊದಮೊದಲು ಮೂಲ ಆಟದ ಚಿತ್ರಗಳ ಕಡತ ನಿಮ್ಮ ಹತ್ತಿರ ಇದ್ದರೆ ಮಾತ್ರ ಅದು ಓಡುತ್ತಿತ್ತು. ಚಿತ್ರ, ಸದ್ದು, ಸಂಗೀತವನ್ನೆಲ್ಲ ಅಭಿಮಾನಿಗಳೇ ಹೊಸದಾಗಿ ಮಾಡುತ್ತಾ ಹೋದರು. 2010ರಲ್ಲಿ 1.0 ಆವೃತ್ತಿ ಬರುವ ಹೊತ್ತಿಗೆ ಮೂಲ ಕಡತಗಳ ಹಂಗು ಬೇಕಿರಲಿಲ್ಲ. ಗಮನಿಸಬೇಕಾದ್ದು ಏನೆಂದರೆ, ಆ ಆರು ವರ್ಷವೂ ಆಟ ಓಡುತ್ತಲೇ ಇತ್ತು. ಎಲ್ಲವನ್ನೂ ಕೆಡವಿ, ಏಳು ತಿಂಗಳು ಬಾಗಿಲು ಹಾಕಿಕೊಂಡು, ಒಂದು ದಿನ ದಿಢೀರನೆ ಹೊಸದು ತಂದಿಟ್ಟದ್ದಲ್ಲ. ನಾನು ಮಾಡಿದ್ದು ಅದನ್ನೇ ಆಗಿತ್ತು. ಈಗ ಹಾಗೆ ಮಾಡುವುದಿಲ್ಲ, ಯಾರಾದರೂ ಹಾಗೆ ಮಾಡೋಣ ಅಂದರೆ ಮೀಟಿಂಗಿನಲ್ಲಿ ಎದ್ದು ಬೇಡ ಅನ್ನುತ್ತೇನೆ.

ಆ ಆಟದಲ್ಲಿ ರೈಲು ಏರು ಹತ್ತುವ ಲೆಕ್ಕಕ್ಕೂ ಎರಡು ಬಗೆ ಇಟ್ಟಿದ್ದಾರೆ. ಮೂಲ ಆಟದ ಲೆಕ್ಕ ಒಂದು, ನಿಜಕ್ಕೆ ಹತ್ತಿರವಾದ ಹೊಸ ಲೆಕ್ಕ ಇನ್ನೊಂದು. ಯಾವುದು ಬೇಕೋ ಆಡುವವರು ಆರಿಸಿಕೊಳ್ಳಬಹುದು. ಹೊಸದು ಮೇಲು ಎಂದು ಗೊತ್ತಿದ್ದೂ ಹಳೆಯದನ್ನು ಉಳಿಸುವುದು ಸುಲಭವಲ್ಲ. ಎರಡು ದಾರಿಯನ್ನೂ ಮುಂದೆ ವರ್ಷಗಟ್ಟಲೆ ನೋಡಿಕೊಳ್ಳಬೇಕು. ಆ ಖರ್ಚನ್ನು ಈಗ ನಾನು ಎಸ್ಟಿಮೇಟ್‌ನಲ್ಲೇ ಹಾಕುತ್ತೇನೆ.

ಹಾಗಾದರೆ ಏನನ್ನೂ ಬದಲಿಸಲೇಬಾರದೇ? ಎಎಂ2ಆರ್ ಎಂಬ ಇನ್ನೊಂದು ಅಭಿಮಾನಿ ಆಟ ಆಡಿದ ಮೇಲೆ ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿತು. 1991ರಲ್ಲಿ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ಗೆ ಬಂದ ಎರಡನೇ ಮೆಟ್ರಾಯ್ಡ್ ಆಟವನ್ನು ಮಿಲ್ಟನ್ ಗುವಾಸ್ತಿ ಹತ್ತಿರ ಹತ್ತು ವರ್ಷ ಕೂತು ಹೊಸದಾಗಿ ಕಟ್ಟಿದ ಕೃತಿ ಇದು. ಮೂಲದಲ್ಲಿ ಅಂಗೈಯಷ್ಟು ಪರದೆ, ಬಣ್ಣವಿಲ್ಲ, ಗುಹೆಗಳೆಲ್ಲ ಒಂದೇ ತರಹ, ನಕ್ಷೆಯೂ ಇಲ್ಲ. ಆಡುವವರು ದಾರಿ ತಪ್ಪಿ, ಕಾಗದ ಪೆನ್ಸಿಲ್ ಹಿಡಿದು ತಾವೇ ನಕ್ಷೆ ಬರೆದುಕೊಳ್ಳಬೇಕಿತ್ತು. ಗುವಾಸ್ತಿ ಕಥೆಯನ್ನೂ ಗುಹೆಗಳ ಒಟ್ಟು ಹದವನ್ನೂ ಉಳಿಸಿಕೊಂಡು, ಆಟದೊಳಗೇ ನಕ್ಷೆ ತಂದರು.

ಇದನ್ನು ನೋಡಿದಾಗ ನನಗೆ ಮೇಡಂ ಮಾನಿಟರ್ ನೆನಪಾಯಿತು. ಅದರ ಅಂಚಿಗೆ ಅಂಟಿಸಿದ ಒಂದು ಚೀಟಿ ಇತ್ತು. ಮಾಸಿ ಹಳದಿಯಾಗಿ, ಮೇಲೆ ಮತ್ತೆ ಮತ್ತೆ ಟೇಪು ಹಾಕಿದ್ದು. ಹದಿನಾಲ್ಕು ಸರಬರಾಜುದಾರರ ಹೆಸರು, ಎದುರಿಗೆ ಕೋಡು. ಹಳೇ ಪ್ರೋಗ್ರಾಮಿನಲ್ಲಿ ಹೆಸರಿನಿಂದ ಹುಡುಕುವುದಕ್ಕೆ ಆಗುತ್ತಿರಲಿಲ್ಲ. ನಮ್ಮ ಹೊಸದರಲ್ಲೂ ಅದು ಮೂರು ಕ್ಲಿಕ್ ಒಳಗೆ ಅಡಗಿತ್ತು. ಹತ್ತೊಂಬತ್ತು ವರ್ಷ ಅವರು ತಮ್ಮ ನಕ್ಷೆಯನ್ನು ತಾವೇ ಬರೆದುಕೊಂಡು ಕೆಲಸ ಮಾಡಿದ್ದರು. ಕೈಗೆ ಒಗ್ಗಿದ್ದನ್ನು ಮುಟ್ಟಬಾರದು, ಚೀಟಿಯಲ್ಲಿ ಬರೆದಿಟ್ಟುಕೊಂಡದ್ದನ್ನು ಒಳಗೆ ತರಬೇಕು. ಅವತ್ತಿನಿಂದ ಯಾವ ಆಫೀಸಿಗೆ ಹೋದರೂ ಮೊದಲು ಮಾನಿಟರುಗಳ ಅಂಚು, ಕೀಬೋರ್ಡಿನ ಕೆಳಗೆ, ಡ್ರಾಯರಿನ ಒಳಬದಿ ನೋಡುತ್ತೇನೆ.

ಎಎಂ2ಆರ್ ಹೊರಬಂದದ್ದು 2016ರ ಆಗಸ್ಟ್ 6ರಂದು, ಮೆಟ್ರಾಯ್ಡ್‌ಗೆ 30 ವರ್ಷ ತುಂಬಿದ ದಿನ. ಕೆಲವೇ ದಿನಗಳಲ್ಲಿ ಮೂಲ ಆಟದ ಕಂಪನಿಯಾದ ನಿಂಟೆಂಡೋದ ಕಾನೂನು ನೋಟಿಸು ಬಂದು, ಡೌನ್‌ಲೋಡ್ ಕೊಂಡಿಗಳು ಮುಚ್ಚಿದವು. ನನಗೆ ಆ ಸುದ್ದಿ ಓದಿ ಸಂಕಟವಾಯಿತು. ಆದರೆ ಹಕ್ಕು ಅವರದು, ಅನುಮತಿ ಕೇಳದೆ ಇನ್ನೊಬ್ಬರ ಪಾತ್ರವನ್ನು ಬಳಸಿದರೆ ಆ ಅಪಾಯ ಇದ್ದೇ ಇರುತ್ತದೆ. ಗುವಾಸ್ತಿಗೆ ಮುಂದೆ ಗೇಮ್ ಕಂಪನಿಯಾದ ಮೂನ್ ಸ್ಟುಡಿಯೋಸ್‌ನಲ್ಲಿ ಕೆಲಸ ಸಿಕ್ಕಿ, 2020ರ ಓರಿ ಆಟದ ಹಂತಗಳನ್ನು ರೂಪಿಸಿದವರಲ್ಲಿ ಒಬ್ಬರಾದರು. ಸೋನಿಕ್ ಆಟಗಳ ಕಂಪನಿಯಾದ ಸೆಗಾ ಬೇರೆ ದಾರಿ ಹಿಡಿಯಿತು. ಅಭಿಮಾನಿ ಆಟಗಳಿಂದ ಹೆಸರಾದ ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಅವರ ಜೊತೆಗಾರರಿಗೇ ಕೆಲಸ ಒಪ್ಪಿಸಿತು. 2017ರಲ್ಲಿ ಸೋನಿಕ್ ಮೇನಿಯಾ ಬಂದದ್ದು ಹಾಗೆ. ಹಳೇ ಆಟವನ್ನು ಪ್ರೀತಿಸಿದವರ ಕೈಯಲ್ಲೇ ಅದನ್ನು ಇಟ್ಟದ್ದು ಸರಿಯಾದ ತೀರ್ಮಾನ ಎಂದು ಆ ಆಟವನ್ನು ಹತ್ತು ನಿಮಿಷ ಆಡಿದರೆ ಗೊತ್ತಾಗುತ್ತದೆ. ನಾನಂತೂ ಈಗ ಕೆಲಸ ಒಪ್ಪಿಕೊಳ್ಳುವ ಮುಂಚೆ ಹಳೇ ಕೋಡಿನ ಹಕ್ಕು ಯಾರದು ಎಂದು ಬರಹದಲ್ಲಿ ಕೇಳಿ ತೆಗೆದುಕೊಳ್ಳುತ್ತೇನೆ.

ದಾಸ್ತಾನಿನ ಪ್ರೋಗ್ರಾಮಿಗೆ ಮರಳುತ್ತೇನೆ. ಆ 41ರಲ್ಲಿ 33ನ್ನು ಹಳೆಯ ಹಾಗೇ ಮಾಡಿದೆವು. ಐದಕ್ಕೆ ಸ್ವಿಚ್ ಇಟ್ಟೆವು. ಮೂರು ಮಾತ್ರ ನಿಜವಾಗಿ ಲೆಕ್ಕ ಕೆಡಿಸುತ್ತಿದ್ದವು, ಅವನ್ನು ಎಲ್ಲರನ್ನೂ ಕೂರಿಸಿ ತೋರಿಸಿ, ಇಂಥ ಕಾರಣಕ್ಕೆ ತೆಗೆಯುತ್ತಿದ್ದೇವೆ ಎಂದು ಹೇಳಿ ತೆಗೆದೆವು. ಟಿಕ್ ಸದ್ದು ವಾಪಸ್ ಬಂತು. ಖಾಲಿ ಎಂಟರ್‌ಗೂ ಸ್ವಿಚ್ ಇದೆ. ಹೊಸದಾಗಿ ಸೇರಿದ ಹುಡುಗರು ಅದನ್ನು ಆಫ್ ಮಾಡಿಕೊಂಡಿದ್ದಾರೆ, ಅವರಿಗೆ ಅದು ಗೊಂದಲ. ಮೇಡಂ ಆನ್ ಇಟ್ಟುಕೊಂಡಿದ್ದಾರೆ. ಇಬ್ಬರ ಕೆಲಸವೂ ನಡೆಯುತ್ತಿದೆ.

ಹೋದ ತಿಂಗಳು ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದಾಗ ಅವರ ಮೇಜಿನ ಹತ್ತಿರ ನಿಂತೆ. ಮಾತಾಡಿಸಿ ತಡೆಯುವ ಮನಸ್ಸಾಗಲಿಲ್ಲ. ಕಣ್ಣು ಕಾಗದದಲ್ಲಿ, ಎಡಗೈ ಹಾಳೆ ತಿರುವುತ್ತಿತ್ತು, ಟಿಕ್, ಟಿಕ್ ಎಂದು ಸಾಲು ಕೂರುತ್ತಿತ್ತು. ಹಳದಿ ಚೀಟಿ ಇರಲಿಲ್ಲ. ಅದೇ ಜಾಗದಲ್ಲಿ ಹೊಸ ಬಿಳಿ ಚೀಟಿಯೊಂದು ಅಂಟಿತ್ತು, ಅದರಲ್ಲಿ ಮೂರು ಸಾಲು.

"ಇದೇನು ಮೇಡಂ?" ಅಂದೆ.

"ವಾಪಸ್ ಕಳಿಸಿದ ಮಾಲಿನ ನಂಬರು ಸರ್. ಅದನ್ನ ಎಲ್ಲಿ ನೋಡ್ಬೇಕು ಅಂತ ನಿಮ್ಮದ್ರಲ್ಲಿ ಸಿಗಲ್ಲ."

ಪೆನ್ನು ತೆಗೆದು ಮೂರೂ ಸಾಲನ್ನು ಬರೆದುಕೊಂಡೆ.